ಲ್ಯಾಬ್ ವರದಿಗೂ ಕೊಟ್ಟಿಗೆ, ಹೊಲದಲ್ಲಿ ಕಾಣುವುದಕ್ಕೂ ತಾಳೆಯಾಗುತ್ತಿಲ್ಲ: ಮಾದರಿ ತೆಗೆಯುವುದರಲ್ಲಿ ತಪ್ಪುವುದೆಲ್ಲಿ?

ಹೊಲಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಸು, ಕುರಿ, ಟೊಮೆಟೊ ಮೂರೂ ಇರುವ ಜಮೀನಿನ ಮೂರು ಲ್ಯಾಬ್ ವರದಿಗಳ ಬಗ್ಗೆ ಕೇಳಬೇಕಿತ್ತು.

ಮೊದಲನೆಯದು ಹಾಲು. ಕೆಚ್ಚಲು ಬಾವು ಬಂದ ಎರಡು ಹಸುಗಳ ಹಾಲು, ದುಂಡಾಣು (ಬ್ಯಾಕ್ಟೀರಿಯಾ) ಬೆಳೆಸಿ ನೋಡುವ ಕಲ್ಚರ್‌ಗೆ ಹೋಗಿತ್ತು. ಒಂದಕ್ಕೆ "ಬೆಳವಣಿಗೆ ಇಲ್ಲ" ಎಂದು ಬಂದಿದೆ, ಇನ್ನೊಂದಕ್ಕೆ "ಮಿಶ್ರ ಬೆಳವಣಿಗೆ, ಮಾದರಿ ಕಲುಷಿತ" ಎಂದು. ಹಾಲು ಗಡ್ಡೆ ಗಡ್ಡೆಯಾಗಿ ಬರುತ್ತಿರುವುದು ಕಣ್ಣಿಗೇ ಕಾಣುವಾಗ ಬೆಳವಣಿಗೆ ಇಲ್ಲ ಅಂದರೆ ಏನರ್ಥ?

ಎರಡನೆಯದು ಕುರಿ. ಜಂತುನಾಶಕ ಕುಡಿಸಿದ ಮೇಲೂ ಕೆಲವು ಕುರಿಗಳು ಬಡಕಲಾಗಿಯೇ ಇವೆ, ದವಡೆ ಕೆಳಗೆ ನೀರು ತುಂಬಿದೆ. ಹಿಕ್ಕೆ ಪರೀಕ್ಷೆಯ ವರದಿಯಲ್ಲಿ "ಸ್ಟ್ರಾಂಗೈಲ್ ಮೊಟ್ಟೆ ++" ಎಂದಷ್ಟೇ ಇದೆ (ಸ್ಟ್ರಾಂಗೈಲ್ ಅಂದರೆ ಹೊಟ್ಟೆ, ಕರುಳಿನ ದುಂಡು ಜಂತುಗಳ ಗುಂಪು). ಔಷಧಿ ನಾಟಿಲ್ಲವೋ, ಹುಳು ಮತ್ತೆ ಹತ್ತಿದೆಯೋ ತಿಳಿಯುವುದು ಹೇಗೆ?

ಮೂರನೆಯದು ಟೊಮೆಟೊ. ಗಿಡ ಹಸಿರಾಗಿದ್ದ ಹಾಗೇ ಬಾಡುತ್ತದೆ, ಕೆಲವೇ ದಿನದಲ್ಲಿ ಒಣಗುತ್ತದೆ. ಒಣಗಿದ ಗಿಡದ ಬೇರು ಕಳಿಸಿದ್ದಕ್ಕೆ "ಫ್ಯುಸೇರಿಯಂ" ಎಂದು ವರದಿ ಬಂತು. ಶಿಲೀಂಧ್ರನಾಶಕವನ್ನು ಬುಡಕ್ಕೆ ಸುರಿದರೂ ಸೊರಗು ನಿಂತಿಲ್ಲ.

ಮೂರರಲ್ಲೂ ಮಾದರಿ ತೆಗೆದ ಕ್ರಮವೇ ಸರಿ ಇರಲಿಲ್ಲವೇ? ಸರಿಯಾದ ಕ್ರಮ ಗೊತ್ತಿರುವವರು ವಿವರವಾಗಿ ತಿಳಿಸಿ.

ಲ್ಯಾಬ್‌ಮೇಜು

ಹಾಲಿನದ್ದು ನಾನು ಹೇಳುತ್ತೇನೆ, ಉಳಿದೆರಡನ್ನು ಆಯಾ ಕ್ಷೇತ್ರದವರು ನೋಡಲಿ.

"ಬೆಳವಣಿಗೆ ಇಲ್ಲ" ಎಂದು ಬಂದ ಮಾತ್ರಕ್ಕೆ ಲ್ಯಾಬಿನವರು ಎಡವಿದ್ದಾರೆ ಅಂದುಕೊಳ್ಳಬೇಡಿ. ಲಕ್ಷಣ ಎದ್ದು ಕಾಣುವ ಕೆಚ್ಚಲು ಬಾವಿನ ಮಾದರಿಗಳಲ್ಲೂ ಕಾಲು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಹೀಗೇ ಬರುತ್ತವೆ. ಇ. ಕೋಲೈ ತರಹದ ದುಂಡಾಣು ಕೆಚ್ಚಲಿಗೆ ಹೊಕ್ಕರೆ ಹಸುವಿನ ಬಿಳಿ ರಕ್ತಕಣಗಳು ನುಗ್ಗಿ ಅದನ್ನು ಬೇಗ ಮುಗಿಸಿಬಿಡುತ್ತವೆ. ಹಾಲಿನಲ್ಲಿ ನೀವು ನೋಡುವ ಗಡ್ಡೆ ಆ ಬಿಳಿ ಕಣಗಳು ಮತ್ತು ಹೆಪ್ಪುಗಟ್ಟಿದ ಪ್ರೋಟೀನು. ಗಡ್ಡೆ ಕಾಣುವ ಹೊತ್ತಿಗೆ ದುಂಡಾಣು ಸತ್ತಿರಬಹುದು, ಆಗ ತಟ್ಟೆಯಲ್ಲಿ ಬೆಳೆಯಲು ಏನೂ ಉಳಿದಿರುವುದಿಲ್ಲ.

ಸ್ಟಫೈಲೊಕಾಕಸ್ ಆರಿಯಸ್‌ನದ್ದು ಬೇರೆಯೇ ದಾರಿ. ಅದು ಕೆಚ್ಚಲಿನ ಅಂಗಾಂಶದೊಳಗೆ ಸಣ್ಣ ಸಣ್ಣ ಕೀವುಗೂಡು ಮಾಡಿಕೊಂಡು ಕೂರುತ್ತದೆ, ಹಾಲಿಗೆ ಒಂದು ದಿನ ಬಿಟ್ಟರೆ ಇನ್ನೊಂದು ದಿನ ಬಿಡುವುದಿಲ್ಲ. ತಟ್ಟೆಗೆ ಹಚ್ಚುವುದು ಸಾಮಾನ್ಯವಾಗಿ 10 ಮೈಕ್ರೊಲೀಟರ್ ಹಾಲು, ಅಂದರೆ ಒಂದು ಮಿಲಿಯ ನೂರನೇ ಒಂದು ಪಾಲು. ಮಿಲಿಗೆ 100ಕ್ಕಿಂತ ಕಡಿಮೆ ದುಂಡಾಣು ಇದ್ದರೆ ತಟ್ಟೆಯಲ್ಲಿ ಒಂದು ಕಾಲನಿಯೂ ಕಾಣದಿರಬಹುದು. ಹಾಗಾಗಿ ಬಾವು ಮರುಕಳಿಸುವ ಹಸುವಿಗೆ ಒಂದು ಬಾರಿಯ "ಇಲ್ಲ" ಸಾಲದು, ಕೆಲವು ದಿನ ಬಿಟ್ಟು ಮತ್ತೆ ಮಾದರಿ ತೆಗೆಯಬೇಕು. ಇನ್ನು ಮೈಕೊಪ್ಲಾಸ್ಮಾ ಎಂಬ ದುಂಡಾಣು ಮಾಮೂಲಿ ರಕ್ತದ ಅಗಾರ್ (ತಟ್ಟೆಯಲ್ಲಿ ದುಂಡಾಣು ಬೆಳೆಸುವ ಮಾಧ್ಯಮ) ಮೇಲೆ ಬೆಳೆಯುವುದೇ ಇಲ್ಲ. ಅದಕ್ಕೆ ವಿಶೇಷ ಮಾಧ್ಯಮ, ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಗಾಳಿ, 7ರಿಂದ 10 ದಿನ ಬೇಕು. ಅರ್ಜಿಯಲ್ಲಿ ಕೇಳದಿದ್ದರೆ ಯಾರೂ ಮಾಡುವುದಿಲ್ಲ. ಮಾದರಿಗೆ ಮುಂಚೆ ಆಂಟಿಬಯಾಟಿಕ್ ಏರಿಸಿದ್ದರಂತೂ ಫಲಿತಾಂಶ ನಂಬುವ ಹಾಗೇ ಇಲ್ಲ. ಮೊದಲು ಮಾದರಿ, ಆಮೇಲೆ ಔಷಧಿ.

"ಮಿಶ್ರ ಬೆಳವಣಿಗೆ" ಅಂದರೆ ಮೂರು ಅಥವಾ ಹೆಚ್ಚು ಬಗೆಯ ದುಂಡಾಣು ಬೆಳೆದಿವೆ ಎಂದು. ಕೆಚ್ಚಲೊಳಗೆ ಒಟ್ಟಿಗೆ ಮೂರು ಬಗೆ ರೋಗ ಮಾಡುವುದು ಅಪರೂಪ. ಅವು ಬಂದಿರುವುದು ಮೊಲೆತೊಟ್ಟಿನ ಚರ್ಮ, ಕೈ, ಸಗಣಿ ಇಲ್ಲವೇ ಶೀಶೆಯ ಮುಚ್ಚಳದಿಂದ. ಇದನ್ನು ತಪ್ಪಿಸುವ ಕ್ರಮ ಹೀಗಿದೆ.

ಕೈ ತೊಳೆದು ಗ್ಲೋವ್ಸ್ ಹಾಕಿಕೊಳ್ಳಿ. ಕೆಚ್ಚಲಿಗೆ ಸಗಣಿ ಮೆತ್ತಿದ್ದರೆ ತೊಳೆದು ಪೂರ್ತಿ ಒಣಗಿಸಿ. ಒದ್ದೆ ಕೆಚ್ಚಲಿನಿಂದ ಮಾದರಿ ತೆಗೆಯಲೇಬೇಡಿ, ನೀರು ಇಳಿದು ಬಂದು ತೊಟ್ಟಿನ ತುದಿಯಲ್ಲಿ ನಿಲ್ಲುತ್ತದೆ. ಮೊದಲ ಮೂರ್ನಾಲ್ಕು ಸೆಳೆತದ ಹಾಲನ್ನು ಬೇರೆ ಪಾತ್ರೆಗೆ ಕರೆದು ಚೆಲ್ಲಿ. ತೊಟ್ಟನ್ನು ಸೋಂಕುನಿವಾರಕದಲ್ಲಿ ಅದ್ದಿ, 30 ಸೆಕೆಂಡು ಬಿಟ್ಟು, ಪ್ರತಿ ತೊಟ್ಟಿಗೂ ಬೇರೆ ಕಾಗದದಿಂದ ಒರೆಸಿ. ಬಳಿಕ 70% ಆಲ್ಕೋಹಾಲಿನಲ್ಲಿ ನೆನೆಸಿದ ಹತ್ತಿಯಿಂದ ತೊಟ್ಟಿನ ತುದಿಯನ್ನು, ರಂಧ್ರದ ಸುತ್ತ, ಹತ್ತಿ ಬೆಳ್ಳಗೆ ಉಳಿಯುವವರೆಗೆ ಉಜ್ಜಿ. ಉಜ್ಜುವಾಗ ದೂರದ ತೊಟ್ಟುಗಳು ಮೊದಲು, ಹತ್ತಿರದವು ಕೊನೆಗೆ. ಹಾಲು ಹಿಡಿಯುವಾಗ ಇದರ ತಿರುಗು: ಹತ್ತಿರದವು ಮೊದಲು, ದೂರದವು ಕೊನೆಗೆ. ಹೀಗೆ ಮಾಡಿದರೆ ಶುಚಿ ಮಾಡಿದ ತೊಟ್ಟಿಗೆ ನಿಮ್ಮ ತೋಳು ತಾಗುವುದಿಲ್ಲ.

ಶೀಶೆಯನ್ನು ಓರೆಯಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ ಹಿಡಿಯಿರಿ. ನೆಟ್ಟಗೆ ಹಿಡಿದರೆ ಹೊಟ್ಟೆಯ ಕೂದಲು, ಧೂಳು ನೇರ ಒಳಗೇ ಬೀಳುತ್ತದೆ. ಮುಚ್ಚಳದ ಒಳಬದಿ ಕೆಳಮುಖವಾಗಿರಲಿ, ನೆಲಕ್ಕಿಡಬೇಡಿ. 3ರಿಂದ 5 ಮಿಲಿ ಸಾಕು, ಶೀಶೆ ತುಂಬಿಸುವ ಅಗತ್ಯವಿಲ್ಲ. ಹಸುವಿನ ಗುರುತು, ಯಾವ ತೊಟ್ಟು, ದಿನಾಂಕ ಇಷ್ಟನ್ನು ಹಾಲು ಹಿಡಿಯುವ ಮುಂಚೆಯೇ ಶೀಶೆಯ ಮೇಲೆ ಬರೆದಿಟ್ಟುಕೊಳ್ಳಿ, ಒದ್ದೆ ಶೀಶೆಯ ಮೇಲೆ ಪೆನ್ನು ನಿಲ್ಲುವುದಿಲ್ಲ. ತಕ್ಷಣ ಐಸ್ ಪೆಟ್ಟಿಗೆಗೆ ಹಾಕಿ, 4 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ತಡವಾಗುವುದಾದರೆ ಫ್ರೀಜ್ ಮಾಡಬಹುದು. ಸ್ಟಫೈಲೊಕಾಕಸ್, ಸ್ಟ್ರೆಪ್ಟೊಕಾಕಸ್‌ಗಳಿಗೆ ಅದರಿಂದ ಹೆಚ್ಚು ತೊಂದರೆಯಿಲ್ಲ, ಆದರೆ ಇ. ಕೋಲೈ ಮತ್ತು ಮೈಕೊಪ್ಲಾಸ್ಮಾ ಕಡಿಮೆಯಾಗುತ್ತವೆ. ಇನ್ನೊಂದು ಎಚ್ಚರಿಕೆ: ಕೊಬ್ಬಿನ ಅಳತೆ, ಬಿಳಿ ಕಣಗಳ ಎಣಿಕೆಗೆಂದು ಕೊಡುವ ಶೀಶೆಗಳಲ್ಲಿ ಬ್ರೊನೊಪಾಲ್ ಗುಳಿಗೆ ಇರುತ್ತದೆ. ಅದು ದುಂಡಾಣುಗಳ ಬೆಳವಣಿಗೆಯನ್ನೇ ತಡೆಯುವ ಸಂರಕ್ಷಕ. ಅದೇ ಶೀಶೆಯಲ್ಲಿ ಕಲ್ಚರ್‌ಗೆ ಹಾಲು ಕಳಿಸಿದರೆ ಉತ್ತರ "ಬೆಳವಣಿಗೆ ಇಲ್ಲ" ಎಂದೇ ಬಂದೀತು.

ಯಾವ ಔಷಧಿ ನಾಟುತ್ತದೆ ಎಂಬ ಪಟ್ಟಿ ವರದಿಯ ಜೊತೆ ಬಂದರೆ ಅದನ್ನು ಓದುವ ರೀತಿಯೂ ಮುಖ್ಯ. ತಟ್ಟೆಯಲ್ಲಿಟ್ಟ ಔಷಧಿ ಬಿಲ್ಲೆಯ ಸುತ್ತ ದುಂಡಾಣು ಬೆಳೆಯದ ವೃತ್ತವನ್ನು ಮಿಲಿಮೀಟರಿನಲ್ಲಿ ಅಳೆದಿರುತ್ತಾರೆ. ಒಂದು ಔಷಧಿಗೆ 22 ಮಿಮೀ, ಇನ್ನೊಂದಕ್ಕೆ 17 ಮಿಮೀ ಇದ್ದರೆ ಮೊದಲನೆಯದೇ ಮೇಲು ಎಂದು ಆರಿಸಬಾರದು. ಪ್ರತಿ ಔಷಧಿಗೂ ಗಡಿ ಅಳತೆ ಬೇರೆ, ಅಗಾರಿನಲ್ಲಿ ಹರಡುವ ವೇಗವೂ ಬೇರೆ. "ಸೂಕ್ಷ್ಮ", "ಮಧ್ಯಮ", "ನಿರೋಧಕ" ಎಂಬ ಷರಾವನ್ನೇ ನೋಡಿ. ಅದೂ ತಟ್ಟೆಯ ಮೇಲಿನ ಮಾತು. ಕೆಚ್ಚಲಿನಲ್ಲಿ ಗಂಟು ಕಟ್ಟಿ ಹಳೆಯದಾದ ಆರಿಯಸ್ ಸೋಂಕು ತಟ್ಟೆಯಲ್ಲಿ "ಸೂಕ್ಷ್ಮ" ಇದ್ದರೂ ಹಸುವಿನಲ್ಲಿ ವಾಸಿಯಾಗದೆ ಉಳಿಯಬಹುದು, ಏಕೆಂದರೆ ಔಷಧಿ ಆ ಕೀವುಗೂಡಿನೊಳಗೆ ಸಾಕಷ್ಟು ಇಳಿಯುವುದಿಲ್ಲ. ಅಂಥ ಹಸುವನ್ನು ಕೊನೆಗೆ ಕರೆಯುವುದು, ಬೇರ್ಪಡಿಸುವುದು, ಹಾಲು ಬತ್ತಿಸುವಾಗ ಚಿಕಿತ್ಸೆ ಕೊಡುವುದು ಇವನ್ನು ಪಶುವೈದ್ಯರ ಜೊತೆ ಕೂತು ತೀರ್ಮಾನಿಸಿ.

ಹಟ್ಟಿಕಾವಲು

ಕುರಿಗಳ ವಿಷಯಕ್ಕೆ ಬರುತ್ತೇನೆ. "++" ಎಂಬ ವರದಿಯಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಔಷಧಿ ನಾಟಿದೆಯೇ ಎಂದು ತಿಳಿಯಲು ಎಣಿಕೆ ಬೇಕು, ಅದೂ ಎರಡು ಬಾರಿ: ಕುಡಿಸುವ ದಿನ ಒಂದು, ಆಮೇಲೆ ಒಂದು.

ಮ್ಯಾಕ್‌ಮಾಸ್ಟರ್ ಎಣಿಕೆ ಕಷ್ಟದ್ದೇನಲ್ಲ. 3 ಗ್ರಾಂ ಹಿಕ್ಕೆಯನ್ನು 42 ಮಿಲಿ ಉಪ್ಪಿನ ಸಂತೃಪ್ತ ದ್ರಾವಣದಲ್ಲಿ (ಇನ್ನು ಉಪ್ಪು ಕರಗದು ಎನ್ನುವಷ್ಟು ಉಪ್ಪು ಹಾಕಿದ ನೀರು, ಸಾಪೇಕ್ಷ ಸಾಂದ್ರತೆ 1.2) ಚೆನ್ನಾಗಿ ಕದಡಿ, ಜಾಲರಿಯಲ್ಲಿ ಸೋಸಿ, ಮ್ಯಾಕ್‌ಮಾಸ್ಟರ್ ಸ್ಲೈಡಿನ ಎರಡೂ ಕೋಣೆಗಳಿಗೆ ತುಂಬಬೇಕು. ಸುಮಾರು 5 ನಿಮಿಷ ಬಿಟ್ಟರೆ ಮೊಟ್ಟೆಗಳು ತೇಲಿ ಮೇಲಿನ ಗಾಜಿಗೆ ಅಂಟುತ್ತವೆ. ಗೆರೆ ಹಾಕಿದ ಎರಡೂ ಚೌಕಗಳಲ್ಲಿ ಎಣಿಸಿ ಮೊತ್ತವನ್ನು 50ರಿಂದ ಗುಣಿಸಿದರೆ ಗ್ರಾಂ ಹಿಕ್ಕೆಗೆ ಎಷ್ಟು ಮೊಟ್ಟೆ ಎಂದು ಬರುತ್ತದೆ. ತುಂಬಿದ ಸ್ಲೈಡನ್ನು ಹಾಗೇ ಬಿಟ್ಟರೆ ಉಪ್ಪು ಹರಳುಗಟ್ಟಿ ಮೊಟ್ಟೆಗಳು ಕುಗ್ಗುತ್ತವೆ, ಆಮೇಲೆ ಗುರುತೇ ಸಿಗದು.

ಇಲ್ಲಿ ಫಲಿತಾಂಶ ಕೆಡಿಸುವುದು ಹೆಚ್ಚಾಗಿ ಹಿಕ್ಕೆ ತರುವ ರೀತಿ. ನೆಲದಿಂದ ಹೆಕ್ಕಿದರೆ ಯಾವ ಕುರಿಯದ್ದೆಂದು ಗೊತ್ತಾಗುವುದಿಲ್ಲ, ಮಣ್ಣಿನ ಹುಳುಗಳೂ ಸೇರುತ್ತವೆ. ಗ್ಲೋವ್ಸ್ ಹಾಕಿ ಗುದದಿಂದಲೇ ತೆಗೆಯಿರಿ, ಪ್ರತಿ ಕುರಿಗೂ ಬೇರೆ ಚೀಲ. ಚೀಲದ ಗಾಳಿ ಪೂರ್ತಿ ಹಿಂಡಿ ಕಟ್ಟಿ, 4 ಡಿಗ್ರಿಯಲ್ಲಿಡಿ. ಬೆಚ್ಚಗಿನ ಜಾಗದಲ್ಲಿ ಗಾಳಿಯಾಡುವಂತಿದ್ದರೆ ಸ್ಟ್ರಾಂಗೈಲ್ ಮೊಟ್ಟೆಗಳು ಒಂದೇ ದಿನದಲ್ಲಿ ಒಡೆದು ಮರಿಯಾಗುತ್ತವೆ, ಎಣಿಕೆ ಸುಳ್ಳಾಗಿ ಕಡಿಮೆ ಬರುತ್ತದೆ. ಫ್ರೀಜ್ ಮಾಡಿದರೂ ಮೊಟ್ಟೆ ಹಾಳು.

ಔಷಧಿ ಪರೀಕ್ಷೆಗೆ 10ರಿಂದ 15 ಕುರಿ ಆರಿಸಿ, ಕಿವಿಗುರುತು ಬರೆದುಕೊಳ್ಳಿ. ತೂಕ ಅಂದಾಜಿಸದೆ ತೂಗಿ, ಲೇಬಲಿನ ಪ್ರಮಾಣದಲ್ಲಿ ಕುಡಿಸಿ. ಪಿಚಕಾರಿಯಲ್ಲಿ ನಿಜಕ್ಕೂ ಎಷ್ಟು ಮಿಲಿ ಬರುತ್ತದೆ ಎಂದು ಅಳತೆ ಸಿಲಿಂಡರಿಗೆ ಒತ್ತಿ ನೋಡಿಕೊಳ್ಳಿ. ಹಳೆಯ ಪಿಚಕಾರಿ ಕಡಿಮೆ ಬಿಡುವುದು ತೀರಾ ಸಾಮಾನ್ಯ. ಔಷಧಿ ನಾಲಿಗೆಯ ಹಿಂಭಾಗಕ್ಕೆ ಬೀಳಬೇಕು. ಮರುಎಣಿಕೆ ಬೆಂಜಿಮಿಡಜೋಲ್ ಗುಂಪಿಗೆ (ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್) 10ರಿಂದ 14ನೇ ದಿನ, ಲೆವಾಮಿಸೋಲ್‌ಗೆ 7ನೇ ದಿನದ ಸುಮಾರಿಗೆ, ಐವರ್‌ಮೆಕ್ಟಿನ್ ಗುಂಪಿಗೆ 14ರಿಂದ 17ನೇ ದಿನ. ಇದಕ್ಕಿಂತ ಬೇಗ ನೋಡಿದರೆ ಕೆಲವು ಔಷಧಿಗಳಲ್ಲಿ ಹುಳು ಸಾಯದೆ ಮೊಟ್ಟೆ ಇಡುವುದನ್ನಷ್ಟೇ ನಿಲ್ಲಿಸಿರುತ್ತದೆ. ತೀರಾ ತಡ ಮಾಡಿದರೆ ಹೊಸದಾಗಿ ಹತ್ತಿದ ಹುಳುಗಳು ಬೆಳೆದು ಮೊಟ್ಟೆ ಇಡಲು ಶುರು ಮಾಡಿರುತ್ತವೆ. ನೀವು ಕೇಳಿದ "ನಾಟಿಲ್ಲವೋ, ಮತ್ತೆ ಹತ್ತಿದೆಯೋ" ಎಂಬುದನ್ನು ಬೇರ್ಪಡಿಸುವುದು ಈ ದಿನದ ಲೆಕ್ಕವೇ.

ಲೆಕ್ಕ ಹೀಗೆ: ಮೊದಲ ಸರಾಸರಿ 800, ನಂತರದ್ದು 120 ಎಂದುಕೊಳ್ಳಿ. 120 ಭಾಗಿಸು 800 ಅಂದರೆ 0.15, ಇಳಿಕೆ 85%. ಇಳಿಕೆ 95%ಗಿಂತ ಕಡಿಮೆಯಾದರೆ ಹುಳುಗಳಿಗೆ ಆ ಔಷಧಿಯ ಮೇಲೆ ನಿರೋಧ ಬಂದಿದೆ ಎಂದು ಅನುಮಾನಿಸಬೇಕು. ಆದರೆ ಮೊದಲ ಎಣಿಕೆಯ ಸರಾಸರಿ 150ಕ್ಕಿಂತ ಕಡಿಮೆಯಿದ್ದರೆ ಈ ಲೆಕ್ಕಕ್ಕೆ ಬೆಲೆಯಿಲ್ಲ: ಒಂದು ಮೊಟ್ಟೆ ಹೆಚ್ಚು ಕಂಡರೆ 50 ಏರುತ್ತದೆ.

ದವಡೆ ಕೆಳಗೆ ನೀರು ಅಂದಿದ್ದೀರಿ, ಅದು ರಕ್ತ ಮತ್ತು ಪ್ರೋಟೀನು ಸೋರಿಹೋಗಿರುವ ಗುರುತು. ಮೊದಲ ಅನುಮಾನ ಹಿಮಾಂಕಸ್, ಜಠರದಲ್ಲಿ ಕೂತು ರಕ್ತ ಹೀರುವ ಹುಳು. ಒಂದು ಹೆಣ್ಣು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡಬಲ್ಲದು. ಸ್ಟ್ರಾಂಗೈಲ್ ಗುಂಪಿನ ಮೊಟ್ಟೆಗಳು ನೋಡಲು ಎಲ್ಲವೂ ಒಂದೇ ಥರ, ಹಿಮಾಂಕಸ್ ಹೌದೇ ಎಂದು ತಿಳಿಯಲು ಹಿಕ್ಕೆಯನ್ನು ಸುಮಾರು 27 ಡಿಗ್ರಿಯಲ್ಲಿ ಒಂದು ವಾರ ತೇವವಾಗಿಟ್ಟು ಮರಿಹುಳು ಬೆಳೆಸಿ ನೋಡಬೇಕು; ಇದನ್ನು ಅರ್ಜಿಯಲ್ಲಿ ಬರೆದು ಕೇಳಿ. ಕೆಳರೆಪ್ಪೆಯ ಒಳಬದಿಯ ಬಣ್ಣ ನೋಡುವ ಫಮಾಚ ಚಾರ್ಟು (1 ಅಂದರೆ ಕೆಂಪು, 5 ಅಂದರೆ ಬಿಳಿಚು) ಇದ್ದರೆ ಹಗಲು ಬೆಳಕಿನಲ್ಲಿ ಪ್ರತಿ ಕುರಿಯನ್ನೂ ನೋಡಿ. 4 ಮತ್ತು 5 ಬಂದವಕ್ಕೆ ತಕ್ಷಣ ಚಿಕಿತ್ಸೆ ಬೇಕು.

ಎರಡನೇ ಅನುಮಾನವನ್ನು ಹಲವರು ಬಿಟ್ಟುಬಿಡುತ್ತಾರೆ. ಯಕೃತ್ತಿನ ಚಪ್ಪಟೆ ಹುಳು ಫ್ಯಾಸಿಯೋಲಾ ಕೂಡ ಇದೇ ಲಕ್ಷಣ ಕೊಡುತ್ತದೆ, ಅದರ ಮೊಟ್ಟೆ ಭಾರ, ಉಪ್ಪಿನ ದ್ರಾವಣದಲ್ಲಿ ತೇಲುವುದಿಲ್ಲ. ಅದಕ್ಕೆ ನೀರಿನಲ್ಲಿ ಕದಡಿ ತಳಕ್ಕಿಳಿಸುವ ಬೇರೆ ಪರೀಕ್ಷೆ ಇದೆ. ಹುಳು ಹೊಕ್ಕು 10ರಿಂದ 12 ವಾರವಾಗುವವರೆಗೆ ಮೊಟ್ಟೆಯೇ ಬರುವುದಿಲ್ಲ ಎಂಬುದೂ ನೆನಪಿರಲಿ. ಕುರಿಗಳು ಜೌಗು, ಕೆರೆಯಂಚು, ಬಸವನಹುಳು ಇರುವ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದರೆ ಈ ಪರೀಕ್ಷೆ ಮಾಡಿಸದೆ ಬಿಡಬೇಡಿ.

ಬೇರುನೋಟ

ಟೊಮೆಟೊ ವಿವರಣೆ ಓದಿದರೆ ಫ್ಯುಸೇರಿಯಂ ಅನ್ನಿಸುವುದಿಲ್ಲ. ಫ್ಯುಸೇರಿಯಂ ಸೊರಗು ಕೆಳಗಿನ ಹಳೆಯ ಎಲೆಗಳ ಹಳದಿಯಿಂದ ಶುರುವಾಗುತ್ತದೆ, ಎಷ್ಟೋ ಸಲ ಗಿಡದ ಒಂದೇ ಮಗ್ಗುಲು ಹಳದಿಯಾಗುತ್ತದೆ, ನಿಧಾನವಾಗಿ ಮೇಲೇರುತ್ತದೆ. ಹಸಿರಾಗಿದ್ದ ಹಾಗೇ ಬಾಡುವುದು, ಮೊದಲೆರಡು ದಿನ ಮಧ್ಯಾಹ್ನ ಜೋತು ಸಂಜೆ ಚೇತರಿಸಿಕೊಳ್ಳುವುದು, ಆಮೇಲೆ ಏಳದೇ ಇರುವುದು ದುಂಡಾಣು ಸೊರಗಿನ ನಡೆ. ಕಾರಣ ರಾಲ್‌ಸ್ಟೋನಿಯಾ ಸೊಲನೇಸಿಯಾರಂ.

ಇದಕ್ಕೆ ಹೊಲದಲ್ಲೇ ಒಂದು ಪರೀಕ್ಷೆ ಇದೆ. ಈಗಷ್ಟೇ ಬಾಡಲು ಶುರುವಾದ ಗಿಡದ ಕಾಂಡವನ್ನು ನೆಲಮಟ್ಟದಿಂದ ತುಸು ಮೇಲೆ, ಚೂಪಾದ ಚಾಕುವಿನಿಂದ 5 ಸೆಂಮೀ ಉದ್ದ ಕತ್ತರಿಸಿ. ಪಾರದರ್ಶಕ ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕಾಂಡದ ಕೆಳತುದಿ ಮಾತ್ರ ನೀರಿಗೆ ತಾಗುವಂತೆ ತಂತಿಯಿಂದಲೋ ಕ್ಲಿಪ್ಪಿನಿಂದಲೋ ನೇತುಹಾಕಿ, ಅಲುಗಾಡಿಸದೆ ಹಿಂದೆ ಕಪ್ಪು ಬಟ್ಟೆ ಇಟ್ಟು ನೋಡಿ. ದುಂಡಾಣು ಇದ್ದರೆ 3ರಿಂದ 5 ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆಗಳು ನೇರವಾಗಿ ಕೆಳಕ್ಕೆ ಇಳಿಯುತ್ತವೆ, 10–15 ನಿಮಿಷದಲ್ಲಿ ನೀರೇ ಮಸುಕಾಗುತ್ತದೆ. ಫ್ಯುಸೇರಿಯಂ ಇದ್ದರೆ ಕಾಂಡದೊಳಗಿನ ನಾಳ ಕಂದಾಗಿರುತ್ತದೆ, ಎಳೆ ಬರುವುದಿಲ್ಲ. ಪೂರ್ತಿ ಒಣಗಿದ ಗಿಡದಲ್ಲಿ ಈ ಪರೀಕ್ಷೆ ಮಾಡಿ "ಇಲ್ಲ" ಎಂದು ತೀರ್ಮಾನಿಸಬೇಡಿ.

ಹಾಗಾದರೆ ಲ್ಯಾಬಿನಲ್ಲಿ ಫ್ಯುಸೇರಿಯಂ ಏಕೆ ಬಂತು? ಸತ್ತ ಬೇರು ಕಳಿಸಿದ್ದಕ್ಕೆ. ಬೇರು ಸತ್ತ ಕೂಡಲೇ ಮಣ್ಣಿನಲ್ಲಿರುವ ಕೊಳೆತಿನಿ ಶಿಲೀಂಧ್ರಗಳು ಅದನ್ನು ಆವರಿಸುತ್ತವೆ, ಅವುಗಳಲ್ಲಿ ಫ್ಯುಸೇರಿಯಂ ಮುಂಚೂಣಿಯದು. ಫ್ಯುಸೇರಿಯಂ ಆಕ್ಸಿಸ್ಪೋರಂನಲ್ಲೇ ಯಾವ ರೋಗವನ್ನೂ ಮಾಡದ ತಳಿಗಳು ಬೇಕಾದಷ್ಟಿವೆ. ಆಲೂಗಡ್ಡೆ ಸಕ್ಕರೆಯ ಅಗಾರ್ ಮೇಲೆ ಅದು ಬಹಳ ಬೇಗ ಹಬ್ಬುತ್ತದೆ. ನಿಜವಾದ ರೋಗಾಣು ನಿಧಾನವಾಗಿ ಬೆಳೆಯುವುದಾದರೆ ಅದರಡಿ ಮುಚ್ಚಿಹೋಗುತ್ತದೆ. ಕೊಳೆರೋಗದ ಫೈಟಾಫ್ತೊರಾ ಕೂಡ ಹೀಗೇ ಕೈತಪ್ಪುತ್ತದೆ. ಬೇರಿನಲ್ಲಿ ಒಂದು ಜೀವಿ ಸಿಕ್ಕಿತು ಎನ್ನುವುದಕ್ಕೂ ಅದೇ ರೋಗ ತಂದಿತು ಎನ್ನುವುದಕ್ಕೂ ನಡುವೆ ಇನ್ನೊಂದು ಹೆಜ್ಜೆ ಇದೆ: ಆ ಶಿಲೀಂಧ್ರವನ್ನು ಆರೋಗ್ಯವಂತ ಸಸಿಗೆ ಕೊಟ್ಟು, ಅದೇ ಲಕ್ಷಣ ಬಂದು, ಅದೇ ಶಿಲೀಂಧ್ರ ಮರಳಿ ಸಿಗಬೇಕು. ರಾಬರ್ಟ್ ಕಾಖ್ 19ನೇ ಶತಮಾನದ ಕೊನೆಯಲ್ಲಿ ಹಾಕಿಕೊಟ್ಟ ಈ ನಿಯಮ ಇವತ್ತಿಗೂ ಗಿಡರೋಗ ಲ್ಯಾಬುಗಳ ತಳಪಾಯ.

ಮಾದರಿಗೆ ಬೇಕಾದ್ದು ಸಾಯುತ್ತಿರುವ ಗಿಡ, ಸತ್ತದ್ದಲ್ಲ. ರೋಗದ ಆರಂಭ, ನಡುಹಂತ, ಪೂರ್ತಿ ಆರೋಗ್ಯ ಹೀಗೆ ಮೂರು ಬಗೆಯ ಗಿಡಗಳನ್ನೂ ಕಳಿಸಿದರೆ ಲ್ಯಾಬಿನವರಿಗೆ ಹೋಲಿಸಲು ಸಾಧ್ಯ. ಕೈಯಿಂದ ಎಳೆಯಬೇಡಿ, ಮುಖ್ಯವಾದ ಎಳೆಬೇರುಗಳು ಹರಿದು ಮಣ್ಣಿನಲ್ಲೇ ಉಳಿಯುತ್ತವೆ. ಸಲಿಕೆಯಿಂದ ಸುತ್ತಲಿನ ಮಣ್ಣು ಸಮೇತ ಎತ್ತಿ, ಬೇರಿನ ಮುದ್ದೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಾಂಡದ ಬುಡಕ್ಕೆ ಕಟ್ಟಿ, ಎಲೆಗಳಿಗೆ ಮಣ್ಣು ತಾಗದಿರಲಿ. ಮೇಲ್ಭಾಗವನ್ನು ಒಣ ಕಾಗದದಲ್ಲಿ ಸುತ್ತಿ. ನೀರು ಚಿಮುಕಿಸುವುದು, ಒದ್ದೆ ಬಟ್ಟೆ ಸುತ್ತುವುದು ಬೇಡ. ಪ್ಲಾಸ್ಟಿಕ್ಕಿನಲ್ಲಿ ಬೆವರಿದ ಎಲೆ ಎರಡು ದಿನದಲ್ಲಿ ಕೊಳೆತು ಬರಿಯ ಕೊಳೆತಿನಿಗಳೇ ಸಿಗುತ್ತವೆ. ಎಲೆಚುಕ್ಕೆ ರೋಗಕ್ಕಾದರೆ ಚುಕ್ಕೆಯ ಅಂಚು, ಅಂದರೆ ರೋಗ ಮತ್ತು ಹಸಿರು ಸೇರುವ ಗೆರೆ ಇರುವ ಎಲೆ ಬೇಕು. ರೋಗಾಣು ಚುರುಕಾಗಿರುವುದು ಆ ಗೆರೆಯಲ್ಲೇ.

ದುಂಡಾಣು ಸೊರಗು ಖಚಿತವಾದರೆ ಶಿಲೀಂಧ್ರನಾಶಕಕ್ಕೆ ಇನ್ನು ಖರ್ಚು ಮಾಡಬೇಡಿ, ಅದು ದುಂಡಾಣುವಿಗೆ ತಾಗುವುದಿಲ್ಲ. ಬಾಡಿದ ಗಿಡವನ್ನು ಮಣ್ಣು ಸಮೇತ ಹೊರಗೆ ಸಾಗಿಸಿ ನಾಶ ಮಾಡಿ. ಆ ಸಾಲಿನ ನೀರು ಬೇರೆ ಸಾಲಿಗೆ ಹರಿಯದಂತೆ ಕಟ್ಟಿ. ಇದು ನೀರಿನ ಜೊತೆಗೇ ಸಾಗುವ ರೋಗ. ಕತ್ತರಿ, ಚಾಕುಗಳನ್ನು ಗಿಡದಿಂದ ಗಿಡಕ್ಕೆ 70% ಆಲ್ಕೋಹಾಲಿನಲ್ಲಿ ಒರೆಸಿ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಅದೇ ಕುಟುಂಬದವು, ಮುಂದಿನ ಬೆಳೆಯಾಗಿ ಅವು ಬೇಡ, ಏಕದಳ ಧಾನ್ಯ ಹಾಕಿ. ನಿರೋಧಕ ಬೇರುಸಸಿಗೆ ಕಸಿ ಮಾಡಿದ ಟೊಮೆಟೊ ಈಗಿರುವ ಮಾರ್ಗಗಳಲ್ಲಿ ಹೆಚ್ಚು ಭರವಸೆಯದು, ಕಸಿ ಗಂಟು ಮಣ್ಣಿಗಿಂತ ಮೇಲಿದ್ದರೆ ಮಾತ್ರ.

ಬೇರಿನಲ್ಲಿ ಗಂಟುಗಳಿವೆಯೇ ಎಂದೂ ನೋಡಿ. ಬೇರುಗಂಟು ಜಂತು ಮಾಡಿದ ಗಾಯದಿಂದ ಈ ದುಂಡಾಣು ಸಲೀಸಾಗಿ ಒಳಹೋಗುತ್ತದೆ, ಎರಡೂ ಜೊತೆಗಿರುವ ಹೊಲಗಳೂ ಇವೆ.

ಹೊಲಮನೆ

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಮೂವರಿಗೂ ಧನ್ಯವಾದ. ಲೋಟದ ಪರೀಕ್ಷೆಯಲ್ಲಿ ಬಿಳಿ ಎಳೆ ಸ್ಪಷ್ಟವಾಗಿ ಇಳಿಯಿತು. ಬೇರಿನಲ್ಲಿ ಗಂಟುಗಳೂ ಇವೆ.

ಇನ್ನು ಎರಡು ಪ್ರಶ್ನೆ. ಗಂಟಿನ ಪರೀಕ್ಷೆಗೆ ಮಣ್ಣು ತೆಗೆಯುವುದು ಹೇಗೆ? ಮತ್ತೆ, ಕಲ್ಚರ್ ಬದಲು ನೇರವಾಗಿ ಪಿಸಿಆರ್ ಮಾಡಿಸಿದರೆ ಈ ಗೊಂದಲವೆಲ್ಲ ತಪ್ಪುತ್ತದೆಯಲ್ಲವೇ? ಲಕ್ಷಣ ಇಲ್ಲದ ಹಸುಗಳನ್ನೂ ಸೇರಿಸಿ ಎಲ್ಲಕ್ಕೂ ಒಮ್ಮೆ ಮಾಡಿಸಿಬಿಡುವ ಯೋಚನೆ ಇದೆ.

ಬೇರುನೋಟ

ಮಣ್ಣು ಹಸಿಯಾಗಿರುವಾಗ, ಬೆಳೆ ನಿಂತಿರುವಾಗಲೇ ತೆಗೆಯಿರಿ. ಮೇಲಿನ ಒಣಪದರ ಸರಿಸಿ, 15ರಿಂದ 20 ಸೆಂಮೀ ಆಳದಿಂದ, ಬೇರಿನ ವಲಯದಲ್ಲಿ, ಅಂಕುಡೊಂಕಾಗಿ ನಡೆಯುತ್ತ 15–20 ಕಡೆ ಹಿಡಿ ಮಣ್ಣು. ಎಲ್ಲ ಬೆರೆಸಿ ಅದರಿಂದ ಅರ್ಧ ಕೆಜಿ, ಜೊತೆಗೆ ಒಂದು ಹಿಡಿ ಎಳೆಬೇರು. ತೀರಾ ಸತ್ತ ಜಾಗದ ನಡುವಿನಿಂದ ಬೇಡ, ಅಂಚಿನಿಂದ. ಆಹಾರವಿಲ್ಲದ ಕಡೆ ಜಂತುವಿನ ಸಂಖ್ಯೆ ಇಳಿದಿರುತ್ತದೆ.

ಲ್ಯಾಬಿನಲ್ಲಿ ಜಂತುಗಳು ತಾವೇ ಮಣ್ಣಿನಿಂದ ತೆವಳಿ ನೀರಿಗಿಳಿಯಬೇಕು, ಬೇರ್‌ಮನ್ ಕೊಳವೆಯಲ್ಲಿ 24ರಿಂದ 48 ಗಂಟೆ ಇಡುವುದು ಅದಕ್ಕೇ. ಸತ್ತ ಜಂತು ತೆವಳುವುದಿಲ್ಲ. ಹಾಗಾಗಿ ಮಣ್ಣಿನ ಚೀಲ ಬಿಸಿಲಿಗೆ ಬೀಳಬಾರದು, ನಿಲ್ಲಿಸಿದ ವಾಹನದೊಳಗೆ ಉಳಿಯಬಾರದು, ಮಣ್ಣು ಒಣಗಲೂ ಬಾರದು. ಗೊಬ್ಬರಕ್ಕಾಗಿ ಮಾಡಿಸುವ ಮಣ್ಣು ಪರೀಕ್ಷೆಗೆ ನೆರಳಲ್ಲಿ ಒಣಗಿಸಿ ಕಳಿಸುತ್ತೇವಲ್ಲ, ಇಲ್ಲಿ ಹಾಗೆ ಮಾಡಿದರೆ ಕೆಲಸ ಕೆಟ್ಟಿತು.

ದ್ವಿದಳ ಬೆಳೆಯ ಬೇರಿನಲ್ಲಿ ನೋಡುವಾಗ ರೈಜೋಬಿಯಂ ಗಂಟನ್ನು ರೋಗ ಎಂದುಕೊಳ್ಳಬೇಡಿ. ಅದು ಬೇರಿನ ಪಕ್ಕಕ್ಕೆ ಅಂಟಿರುತ್ತದೆ, ಬೆರಳಿನಿಂದ ಉಜ್ಜಿದರೆ ಉದುರುತ್ತದೆ, ಒಡೆದರೆ ಒಳಗೆ ನಸುಗೆಂಪು. ಜಂತುವಿನ ಗಂಟು ಬೇರೇ ಊದಿಕೊಂಡದ್ದು, ಉದುರುವುದಿಲ್ಲ.

ಕಣಲೆಕ್ಕ

ಪಿಸಿಆರ್ ಬಗ್ಗೆ. ಅದು ರೋಗಾಣುವಿನ ಡಿಎನ್‌ಎ ಹುಡುಕುತ್ತದೆ, ಜೀವಂತವೋ ಸತ್ತದ್ದೋ ನೋಡುವುದಿಲ್ಲ. ಇ. ಕೋಲೈ ಸತ್ತ ಹಾಲಿನಲ್ಲೂ ಉತ್ತರ ಕೊಡುತ್ತದೆ ಎಂಬುದು ಲಾಭ. ಚಿಕಿತ್ಸೆ ಮುಗಿದ ಮೇಲೂ ಕೆಲವು ದಿನ "ಇದೆ" ಎನ್ನುತ್ತದೆ ಎಂಬುದು ತೊಡಕು. ಚರ್ಮದಿಂದ ಬಿದ್ದ ಒಂದಿಷ್ಟು ದುಂಡಾಣುವನ್ನೂ ಅದು ಹಿಡಿದುಬಿಡುವುದರಿಂದ ಲ್ಯಾಬ್‌ಮೇಜು ಅವರು ಹೇಳಿದ ಶುಚಿಕ್ರಮ ಪಿಸಿಆರ್‌ಗೆ ಕಲ್ಚರ್‌ಗಿಂತಲೂ ಹೆಚ್ಚು ಬೇಕು. ವರದಿಯಲ್ಲಿ ಸಿಟಿ ಸಂಖ್ಯೆ (ಡಿಎನ್‌ಎ ಕಾಣಿಸಿಕೊಳ್ಳಲು ಪಿಸಿಆರ್ ಎಷ್ಟು ಸುತ್ತು ನಡೆಯಬೇಕಾಯಿತು ಎಂಬ ಲೆಕ್ಕ) ಕೊಟ್ಟಿದ್ದರೆ ನೋಡಿ: ಸಂಖ್ಯೆ ಕಡಿಮೆಯಿದ್ದಷ್ಟೂ ರೋಗಾಣು ಹೆಚ್ಚು, ಸುಮಾರು 3.3 ಅಂಕದ ವ್ಯತ್ಯಾಸಕ್ಕೆ ಹತ್ತು ಪಟ್ಟು. 22 ಬಂದದ್ದಕ್ಕೂ 36 ಬಂದದ್ದಕ್ಕೂ ಒಂದೇ ಅರ್ಥವಲ್ಲ. ಹಾಲಿನ ಕೊಬ್ಬು, ಸಗಣಿಯ ಪಿತ್ತಲವಣ, ಗಿಡದ ಒಗರು ಇವು ಪಿಸಿಆರ್ ಕ್ರಿಯೆಯನ್ನೇ ತಡೆಯಬಲ್ಲವು, ಆಂತರಿಕ ನಿಯಂತ್ರಣ (ಕ್ರಿಯೆ ಸರಿಯಾಗಿ ನಡೆಯಿತೇ ಎಂದು ತೋರಿಸುವ ತಾಳೆ ಪರೀಕ್ಷೆ) ಹಾಕಿದ್ದರೇ ಎಂದು ಕೇಳಿ.

ಲಕ್ಷಣ ಇಲ್ಲದವಕ್ಕೆಲ್ಲ ಮಾಡಿಸುವ ಯೋಚನೆಗೆ ಮುಂಚೆ ಈ ಲೆಕ್ಕ ಮಾಡಿ. ರೋಗ ಇದ್ದದ್ದನ್ನು 95% ಹಿಡಿಯುವ, ಇಲ್ಲದ್ದನ್ನು 95% "ಇಲ್ಲ" ಎನ್ನುವ ಪರೀಕ್ಷೆ ಒಂದಿದೆ ಎನ್ನಿ. 1000 ಪ್ರಾಣಿಗಳಲ್ಲಿ 1%ಗೆ, ಅಂದರೆ 10ಕ್ಕೆ ಮಾತ್ರ ರೋಗವಿದೆ. ಪರೀಕ್ಷೆ ಆ 10ರಲ್ಲಿ 9 ಅಥವಾ 10ನ್ನು ಹಿಡಿಯುತ್ತದೆ. ಉಳಿದ 990ರಲ್ಲಿ 5%, ಸುಮಾರು 50 ಆರೋಗ್ಯವಂತ ಪ್ರಾಣಿಗಳನ್ನೂ "ರೋಗವಿದೆ" ಎನ್ನುತ್ತದೆ. ಒಟ್ಟು 60ರಷ್ಟು "ಇದೆ"ಗಳಲ್ಲಿ ನಿಜವಾದದ್ದು ಆರರಲ್ಲಿ ಒಂದು. ಅದೇ ಪರೀಕ್ಷೆಯನ್ನು ಅರ್ಧದಷ್ಟಕ್ಕೆ ರೋಗವಿರುವ, ಲಕ್ಷಣ ಕಾಣುವ ಗುಂಪಿನಲ್ಲಿ ಮಾಡಿದರೆ "ಇದೆ" ಎಂದ 100ರಲ್ಲಿ 95 ನಿಜ. ಪರೀಕ್ಷೆ ಬದಲಾಗಿಲ್ಲ, ಗುಂಪು ಬದಲಾಗಿದೆ. ಕಂದು ಹಾಕುವ (ಗರ್ಭಪಾತವಾಗುವ) ಬ್ರುಸೆಲ್ಲಾ ರೋಗಕ್ಕೆ ಸುಲಭದ ರಕ್ತಪರೀಕ್ಷೆಯಾದ ರೋಸ್ ಬೆಂಗಾಲ್‌ನಲ್ಲಿ ಜರಡಿ ಹಿಡಿದು, ಬಂದದ್ದನ್ನು ಎಲೈಸಾದಂಥ ಎರಡನೇ ಪರೀಕ್ಷೆಯಲ್ಲಿ ಖಚಿತಪಡಿಸುವುದು ಈ ಕಾರಣಕ್ಕೇ. ಇದೇ ರೋಗದ ಎಸ್19 ಲಸಿಕೆ ಹಾಕಿದ ಪ್ರಾಣಿಯಲ್ಲಿ ಲಸಿಕೆಯ ಪ್ರತಿಕಾಯವೇ "ಇದೆ" ತೋರಿಸಬಹುದು, ಲಸಿಕೆಯ ದಿನಾಂಕ ಬರೆಯಲು ಮರೆಯಬೇಡಿ.

ಹಿಂಡಿನಲ್ಲಿ ರೋಗ ಇದೆಯೋ ಇಲ್ಲವೋ ಎಂದಷ್ಟೇ ತಿಳಿಯಬೇಕಾದರೆ ಎಲ್ಲವನ್ನೂ ಪರೀಕ್ಷಿಸಬೇಕಿಲ್ಲ. ದೊಡ್ಡ ಹಿಂಡಿನಲ್ಲಿ 10% ಪ್ರಾಣಿಗಳಿಗೆ ಸೋಂಕಿದ್ದರೆ, 29 ಮಾದರಿ ತೆಗೆದರೆ ಕನಿಷ್ಠ ಒಂದಾದರೂ ಸಿಗುವ ಸಾಧ್ಯತೆ 95%. 5% ಇದ್ದರೆ 59 ಬೇಕು, 1% ಇದ್ದರೆ 299. ಪ್ರಾಣಿಗಳನ್ನು ಚೀಟಿ ಎತ್ತಿ ಆರಿಸಿದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಹಿಡಿಯಲು ಸುಲಭ ಎಂದು ಗೇಟಿನ ಬಳಿ ನಿಂತವನ್ನೇ ತೆಗೆದರೆ ಇಲ್ಲ.

ಹಾಲು ಕೊಡುವ ಹಸುಗಳಿಗೆ ಮೊದಲು ಸಿಎಂಟಿ (ಕೆಚ್ಚಲು ಬಾವು ಪತ್ತೆಯ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್) ಮಾಡಿ, ಆಮೇಲೆ ಬೇಕಾದವಕ್ಕಷ್ಟೇ ಲ್ಯಾಬು. ಮೊದಲ ಸೆಳೆತ ಚೆಲ್ಲಿ, ನಾಲ್ಕು ಬಟ್ಟಲಿನ ತಟ್ಟೆಗೆ ಪ್ರತಿ ತೊಟ್ಟಿನಿಂದ 2 ಮಿಲಿ ಹಾಲು, ಅಷ್ಟೇ ದ್ರಾವಣ, ವೃತ್ತಾಕಾರವಾಗಿ 10 ಸೆಕೆಂಡು ಆಡಿಸಿ. ದ್ರಾವಣ ಬಿಳಿ ಕಣಗಳನ್ನು ಒಡೆಯುತ್ತದೆ, ಹೊರಬಂದ ಡಿಎನ್‌ಎ ಲೋಳೆ ಕಟ್ಟುತ್ತದೆ. 20 ಸೆಕೆಂಡಿನೊಳಗೆ ಓದಿಬಿಡಿ, ತೆಳುವಾದ ಲೋಳೆ ಆಮೇಲೆ ಕರಗಿಹೋಗುತ್ತದೆ. ಮಿಲಿಗೆ 2 ಲಕ್ಷ ಕಣ ದಾಟಿದರೆ ಆ ತೊಟ್ಟಿನ ಕಡೆ ಗಮನ ಬೇಕು. ಕರು ಹಾಕಿ ಮೊದಲ ಕೆಲವು ದಿನ ಮತ್ತು ಹಾಲು ಬತ್ತುವ ಹೊತ್ತಿನಲ್ಲಿ ಸೋಂಕಿಲ್ಲದೆಯೂ ಲೋಳೆ ಬರುತ್ತದೆ.

ಹಟ್ಟಿಕಾವಲು

ಮಾದರಿ ತೆಗೆಯುವ ಮಾತು ಇಷ್ಟು ಬಂದಿರುವಾಗ, ತೆಗೆಯಬಾರದ ಸಂದರ್ಭವನ್ನೂ ಹೇಳಲೇಬೇಕು. ಪ್ರಾಣಿ ಯಾವ ಲಕ್ಷಣವೂ ಇಲ್ಲದೆ ದಿಢೀರ್ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದು ಆಂಥ್ರಾಕ್ಸ್, ನೆರಡಿ ರೋಗ, ಇರಬಹುದು. ಹೆಣವನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಎಳೆದೊಯ್ಯಬೇಡಿ. ಒಳಗಿರುವ ದುಂಡಾಣುವಿಗೆ ಗಾಳಿ ತಾಗಿದರೆ ಅದು ಬೀಜಕವಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ, ಮನುಷ್ಯರಿಗೂ ಹತ್ತುತ್ತದೆ. ಬೇರೆ ಪ್ರಾಣಿ, ನಾಯಿಗಳನ್ನು ದೂರವಿಟ್ಟು ಪಶುವೈದ್ಯರನ್ನು ಕರೆಯಿರಿ. ಕಿವಿಯ ರಕ್ತನಾಳದ ಒಂದು ಹನಿಯಿಂದ ಸ್ಲೈಡ್ ಮಾಡಿದರೆ ಅವರಿಗೆ ಸಾಕು.

ಕಂದು ಹಾಕಿದ ಹಸುವಿನ ಸತ್ತೆ (ಮಾಸು), ಭ್ರೂಣವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಉದ್ದನೆ ಗ್ಲೋವ್ಸ್, ಮುಖಗವಸು ಹಾಕಿ. ಗರ್ಭಿಣಿಯರು ಆ ಕೆಲಸದ ಹತ್ತಿರ ಬರುವುದೇ ಬೇಡ.

ರಕ್ತದ ಬಗ್ಗೆ ಎರಡೇ ಮಾತು. ಮೈಗೆ ಕಚ್ಚಿಕೊಳ್ಳುವ ಉಣ್ಣಿಯಿಂದ ಹರಡುವ ರಕ್ತದ ಪರೋಪಜೀವಿಗಳಾದ ಥೈಲೇರಿಯಾ, ಬೆಬೇಸಿಯಾ ಪರೀಕ್ಷೆಗೆ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥ) ಇರುವ ಶೀಶೆ; ತುಂಬಿದ ಮೇಲೆ 8–10 ಬಾರಿ ಮೆಲ್ಲಗೆ ತಲೆಕೆಳಗು ಮಾಡಿ, ಕುಲುಕಬೇಡಿ. ಪ್ರತಿಕಾಯ ಪರೀಕ್ಷೆಗೆ ಬರಿ ಶೀಶೆ. ಒಂದೆರಡು ಗಂಟೆ ಅಲುಗಾಡಿಸದೆ ಹೆಪ್ಪುಗಟ್ಟಲು ಬಿಟ್ಟು, ಸೀರಂ ಬೇರ್ಪಡಿಸಿ, ಆಮೇಲೆ ತಂಪಿಗೆ. ಇಡೀ ರಕ್ತವನ್ನು ಫ್ರೀಜ್ ಮಾಡಿದರೆ ಕೆಂಪು ಕಣ ಒಡೆದು ಎರಡೂ ಪರೀಕ್ಷೆ ಹಾಳು.

ಲ್ಯಾಬ್‌ಮೇಜು

ಮರುಮಾದರಿ ಕಳಿಸುವಾಗ ಜೊತೆಗಿಡುವ ಚೀಟಿಯಲ್ಲಿ ಇವು ಇರಲಿ: ಮಾದರಿ ತೆಗೆದ ದಿನ ಮತ್ತು ಹೊತ್ತು, ಕರು ಹಾಕಿ ಎಷ್ಟು ದಿನ, ಯಾವ ತೊಟ್ಟು, ಬಾವು ಹೊಸದೋ ಮರುಕಳಿಸಿದ್ದೋ, ಹಿಂದಿನ ಔಷಧಿಯ ಹೆಸರು, ಕೊನೆಯ ಡೋಸಿನ ದಿನ, ಎಷ್ಟು ಹಸುಗಳಲ್ಲಿ ಎಷ್ಟಕ್ಕೆ ಬಂದಿದೆ. ಗಿಡಕ್ಕಾದರೆ ತಳಿ, ವಯಸ್ಸು, ಹಿಂದಿನ ಬೆಳೆ, ನೀರು ಹಾಯಿಸುವ ರೀತಿ, ಸಿಂಪಡಿಸಿದ್ದೆಲ್ಲದರ ಹೆಸರು, ಕಳೆನಾಶಕವೂ ಸೇರಿ. 2,4-ಡಿ ಗಾಳಿಯಲ್ಲಿ ತೂರಿಬಂದು ತಾಗಿದ ಟೊಮೆಟೊ ಎಲೆ ನಂಜುರೋಗದ ಹಾಗೇ ಮುರುಟಿ ಕಿರಿದಾಗುತ್ತದೆ. ರೋಗ ಹೊಲದ ತುಂಬ ಚದುರಿದೆಯೋ, ತಗ್ಗಿನಲ್ಲಿ ಗುಂಪಾಗಿದೆಯೋ, ಸಾಲುದ್ದಕ್ಕೂ ಹೋಗಿದೆಯೋ ಎಂದು ಕೈಯಲ್ಲೇ ಒಂದು ನಕ್ಷೆ ಗೀಚಿ ಇಡಿ.

ನಿಮಗೆ ಏನು ಅನುಮಾನ ಎಂದೂ ಬರೆಯಿರಿ, "ಮೈಕೊಪ್ಲಾಸ್ಮಾ ಇದೆಯೇ", "ಚಪ್ಪಟೆ ಹುಳು ಇದೆಯೇ", "ರಾಲ್‌ಸ್ಟೋನಿಯಾ ಇದೆಯೇ" ಎಂದು ಸ್ಪಷ್ಟವಾಗಿ. "ಪರೀಕ್ಷಿಸಿ ತಿಳಿಸಿ" ಎಂದಷ್ಟೇ ಬರೆದರೆ ಲ್ಯಾಬಿನವರು ಮಾಮೂಲಿ ಮಾಧ್ಯಮದಲ್ಲಿ ಮಾಮೂಲಿ ಪರೀಕ್ಷೆ ಮಾಡಿ ಮುಗಿಸುತ್ತಾರೆ. ಮಾದರಿಯನ್ನು ವಾರದ ಆರಂಭದಲ್ಲೇ ಕಳಿಸಿ, ರಜೆಯಲ್ಲಿ ಪೊಟ್ಟಣ ಬಾಗಿಲಲ್ಲಿ ಉಳಿಯದಿರಲಿ. ಚೀಟಿಯನ್ನು ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ಐಸ್ ಕರಗಿದ ನೀರಿನಲ್ಲಿ ನೆಂದು ಅಕ್ಷರ ಅಳಿಸಿದರೆ ಶೀಶೆ ಯಾವ ಹಸುವಿನದ್ದೆಂದು ಹೇಳುವವರಿರುವುದಿಲ್ಲ.